ಗ್ರಾಫ್ ಖಾಲಿ, ಫೋನ್ ಮಾತು ತುಂಡು: ಸ್ವಿಚ್‌ನಲ್ಲಿ ಕ್ಯೂಒಎಸ್ (ಯಾವ ಟ್ರಾಫಿಕ್ ಮೊದಲು ಅನ್ನುವ ನಿಯಮ) ಹಾಕುವ ಕಥೆ

ಕೆಲವು ವರ್ಷಗಳ ಹಿಂದೆ ನಾಲ್ಕು ಮಹಡಿಯ ಒಂದು ಆಸ್ಪತ್ರೆಯ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದೆ. ರಿಸೆಪ್ಷನ್‌ನಿಂದ ಪದೇ ಪದೇ ಒಂದೇ ದೂರು. "ಸಾರ್, ಫೋನು ಅಕ್ಷರ ನುಂಗ್ತಿದೆ." ದಿನವಿಡೀ ಅಲ್ಲ, ಬೆಳಿಗ್ಗೆ ಹತ್ತರಿಂದ ಒಂದರವರೆಗೆ. ಅದೂ ಎರಡು ಮೂರು ಸೆಕೆಂಡ್ ಮಾತ್ರ. ಆಚೆಯವರು ಹಲೋ ಹಲೋ ಅನ್ನುವಷ್ಟರಲ್ಲಿ ಸರಿಹೋಗಿರುತ್ತದೆ.

ಗ್ರಾಫ್ ತೆಗೆದು ನೋಡಿದೆ. ಕೆಳಮಹಡಿಯ ಸ್ವಿಚ್‌ನಿಂದ, ಅಂದರೆ ಆ ಮಹಡಿಯ ಫೋನು, ಪಿಸಿಗಳ ಕೇಬಲ್ ಎಲ್ಲ ಬಂದು ಸೇರುವ ಪೆಟ್ಟಿಗೆಯಿಂದ, ಮೇಲಿನ ಸರ್ವರ್ ರೂಮಿಗೆ 1 ಜಿಬಿಪಿಎಸ್ (ಸೆಕೆಂಡಿಗೆ 1000 ಮೆಗಾಬಿಟ್) ಅಪ್‌ಲಿಂಕ್ ಇತ್ತು. ಅದರ ಬಳಕೆ 20 ಪರ್ಸೆಂಟ್ ಕೂಡ ದಾಟಿರಲಿಲ್ಲ. "ಲೈನ್ ಖಾಲಿ ಬಿದ್ದಿದೆಯಲ್ಲ ಸಾರ್, ಫೋನೇ ಹೋಗಿರಬೇಕು" ಅಂದ ಅಲ್ಲಿನ ಐಟಿ ಹುಡುಗ. ನಾನೂ ಹಾಗೇ ಅಂದುಕೊಂಡೆ. ಫೋನ್ ಬದಲಾಯಿಸಿದೆವು, ಕೇಬಲ್ ಬದಲಾಯಿಸಿದೆವು. ಏನೂ ಪ್ರಯೋಜನವಾಗಲಿಲ್ಲ.

ಸುಳಿವು ಕೊಟ್ಟಿದ್ದು ರಿಸೆಪ್ಷನ್‌ನಲ್ಲಿ ಕೂರುವ ಮೇಡಂ. "ನಂಗೆ ಅವರ ಮಾತು ಸರಿಯಾಗೇ ಕೇಳ್ಸತ್ತೆ ಸಾರ್. ಅವರಿಗೇ ನನ್ನ ಮಾತು ಕಟ್ ಆಗತ್ತಂತೆ." ಅಂದರೆ ಕೆಳಗಿನಿಂದ ಮೇಲಕ್ಕೆ ಹೋಗುವ ಮಾತು ಮಾತ್ರ ಕೆಡುತ್ತಿದೆ, ಮೇಲಿನಿಂದ ಬರುವುದು ಚೆನ್ನಾಗಿದೆ. ಫೋನಾಗಲಿ ಕೇಬಲ್ಲಾಗಲಿ ಕೆಟ್ಟಿದ್ದರೆ ಸಾಮಾನ್ಯವಾಗಿ ಎರಡೂ ಕಡೆ ತೊಂದರೆ ಕಾಣಬೇಕಿತ್ತು. ಹಾಗಾದರೆ ಕೆಳಮಹಡಿಯಿಂದ ಮೇಲಕ್ಕೆ ಇನ್ನೇನು ಹೋಗುತ್ತಿದೆ?

ಸಿಟಿ ಸ್ಕ್ಯಾನ್ ಮಷಿನ್ ಇದ್ದದ್ದು ಕೆಳಮಹಡಿಯಲ್ಲೇ.

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಸಿಟಿಯ ಒಂದು ಸ್ಲೈಸ್ ಅಂದರೆ 512 ಸಲ 512 ಚುಕ್ಕಿಗಳು, ಒಂದೊಂದು ಚುಕ್ಕಿಗೆ 2 ಬೈಟ್. ಸುಮಾರು ಅರ್ಧ ಎಂಬಿ ಆಯಿತು. 600 ಸ್ಲೈಸ್ ಇದ್ದರೆ 300 ಎಂಬಿ. ಸ್ಕ್ಯಾನ್ ಮುಗಿದ ಕೂಡಲೇ ಮಷಿನ್ ಇದನ್ನೆಲ್ಲ ಒಂದೇ ಉಸಿರಿಗೆ ಸರ್ವರ್‌ಗೆ ಕಳಿಸುತ್ತದೆ. 1 ಜಿಬಿಪಿಎಸ್ ವೇಗದಲ್ಲಿ 300 ಎಂಬಿ ಹೋಗಲು ಬೇಕಾದದ್ದು 2.4 ಸೆಕೆಂಡ್ (ಒಂದು ಬೈಟ್‌ಗೆ 8 ಬಿಟ್). ಆ ಎರಡೂವರೆ ಸೆಕೆಂಡ್ ಅಪ್‌ಲಿಂಕ್ ಪೂರ್ತಿ ಭರ್ತಿ. ಆದರೆ ನಮ್ಮ ಗ್ರಾಫ್ ತೋರಿಸುವುದು ಐದು ನಿಮಿಷದ ಸರಾಸರಿ. 300 ಸೆಕೆಂಡಿನಲ್ಲಿ 2.4 ಸೆಕೆಂಡ್ ಅಂದರೆ ಒಂದು ಪರ್ಸೆಂಟೂ ಇಲ್ಲ. ಗ್ರಾಫ್ ಸುಳ್ಳು ಹೇಳಲಿಲ್ಲ, ನಾನು ಕೇಳಿದ ಪ್ರಶ್ನೆಯೇ ತಪ್ಪು.

ಅದೇ ಅಪ್‌ಲಿಂಕ್‌ನಲ್ಲಿ 40 ಸಿಸಿಟಿವಿ ಕ್ಯಾಮೆರಾ ಕೂಡ ಇದ್ದವು. ಒಂದೊಂದಕ್ಕೆ 4 ಎಂಬಿಪಿಎಸ್, ಒಟ್ಟು 160 ಎಂಬಿಪಿಎಸ್. ಸಿಟಿ ತನ್ನ 1000 ಎಂಬಿಪಿಎಸ್ ಸುರಿಯಲು ಶುರು ಮಾಡಿದಾಗ 1000 ಹಿಡಿಯುವ ಪೈಪಿಗೆ 1160 ಬಂತು. ಉಳಿದ 160 ಎಂಬಿಪಿಎಸ್, ಅಂದರೆ ಸೆಕೆಂಡಿಗೆ 20 ಎಂಬಿ, ಸ್ವಿಚ್‌ನ ಬಫರ್‌ನಲ್ಲಿ ಕಾಯಬೇಕು. ಆಫೀಸಿನಲ್ಲಿ ಬಳಸುವ ಇಂಥ ಸ್ವಿಚ್‌ಗಳಲ್ಲಿ ಬಫರ್ ಇರುವುದೇ ಕೆಲವೇ ಎಂಬಿ, ಅದೂ ಎಲ್ಲ ಪೋರ್ಟ್‌ಗಳಿಗೆ (ಕೇಬಲ್ ಚುಚ್ಚುವ ಕಿಂಡಿಗಳಿಗೆ) ಸೇರಿ. ಒಂದು ಎಂಬಿ ಸಿಕ್ಕಿತು ಅಂತಿಟ್ಟುಕೊಂಡರೂ ಅದು ತುಂಬಲು 50 ಮಿಲಿಸೆಕೆಂಡ್ ಸಾಕು. ಆಮೇಲೆ ಬಂದ ಪ್ಯಾಕೆಟ್, ಅಂದರೆ ಡೇಟಾದ ತುಣುಕು, ಯಾರದ್ದೇ ಇರಲಿ, ಕಸದ ಬುಟ್ಟಿಗೆ.

ಸಿಟಿ ಮಷಿನ್ ಟಿಸಿಪಿ ಬಳಸುತ್ತದೆ. ಪ್ಯಾಕೆಟ್ ಹೋದರೆ ಮತ್ತೆ ಕಳಿಸುತ್ತದೆ, ಸ್ವಲ್ಪ ನಿಧಾನ ಮಾಡುತ್ತದೆ, ಮತ್ತೆ ವೇಗ ಏರಿಸುತ್ತದೆ. ಅದಕ್ಕೇನೂ ನಷ್ಟವಿಲ್ಲ. ಫೋನ್ ಮಾತಿಗೆ ಆ ಅನುಕೂಲ ಇಲ್ಲ. ಪ್ರತಿ 20 ಮಿಲಿಸೆಕೆಂಡಿನ ಮಾತು ಒಂದು ಪ್ಯಾಕೆಟ್, ಸೆಕೆಂಡಿಗೆ 50 ಪ್ಯಾಕೆಟ್. ಕಳೆದುಹೋದದ್ದನ್ನು ಮತ್ತೆ ಕಳಿಸಿ ಫಲವಿಲ್ಲ, ಮಾತು ಮುಂದೆ ಹೋಗಿರುತ್ತದೆ. ಒಂದು ಪ್ಯಾಕೆಟ್ ಹೋದರೆ ಫೋನ್ ಹೇಗೋ ತೇಪೆ ಹಾಕುತ್ತದೆ, ಕಿವಿಗೆ ಗೊತ್ತಾಗುವುದಿಲ್ಲ. ಐದಾರು ಒಟ್ಟಿಗೆ ಹೋದರೆ 100ರಿಂದ 120 ಮಿಲಿಸೆಕೆಂಡಿನ ಮಾತು ಮಾಯ. "ರಮೇಶ್ ಡಾಕ್ಟರ್" ಹೋಗಿ "ರಶ್ ಡಾಕ್ಟರ್" ಆಗುವುದು ಹೀಗೆ.

ತಿರುಪತಿಯ ಸಾಲು

ಕ್ವಾಲಿಟಿ ಆಫ್ ಸರ್ವಿಸ್, ಎಲ್ಲರ ಬಾಯಲ್ಲಿ ಕ್ಯೂಒಎಸ್, ಬ್ಯಾಂಡ್‌ವಿಡ್ತ್ ಹುಟ್ಟಿಸುವುದಿಲ್ಲ. ಲಿಂಕ್ ತುಂಬಿದಾಗ ಯಾರನ್ನು ಬಿಡಬೇಕು, ಯಾರನ್ನು ಕಾಯಿಸಬೇಕು, ಯಾರನ್ನು ಎಸೆಯಬೇಕು ಅಂತ ಮೊದಲೇ ಹೇಳಿಡುವುದು ಅದರ ಕೆಲಸ. ನೀವು ಹೇಳದಿದ್ದರೆ ಸ್ವಿಚ್ ತನಗೆ ಗೊತ್ತಿರುವ ಒಂದೇ ನಿಯಮ ಬಳಸುತ್ತದೆ: ಜಾಗ ತುಂಬಿದ ಮೇಲೆ ಬಂದವರು ಔಟ್.

ತಿರುಪತಿಗೆ ಹೋದವರಿಗೆ ಇದು ಬೇಗ ಹೊಳೆಯುತ್ತದೆ. ಸರ್ವದರ್ಶನದವರು ಒಂದು ಸಾಲು, 300 ರೂಪಾಯಿ ಟಿಕೆಟ್‌ನವರು ಇನ್ನೊಂದು ಸಾಲು. ಕೈಯಲ್ಲಿರುವ ಟಿಕೆಟ್ ನೋಡಿ ಸಾಲಿಗೆ ಹಚ್ಚುತ್ತಾರೆ. ಕಾಯಲು ವೈಕುಂಠಂ ಕ್ಯೂ ಕಾಂಪ್ಲೆಕ್ಸ್‌ನ ಕಂಪಾರ್ಟ್‌ಮೆಂಟ್‌ಗಳಿವೆ. ಗರ್ಭಗುಡಿಯ ಬಾಗಿಲು ಮಾತ್ರ ಒಂದೇ. ಎರಡು ಸಾಲು ಸೇರುವ ಕಡೆ ಒಬ್ಬ ನಿಂತು ಈ ಸಾಲಿನಿಂದ ಇಷ್ಟು ಜನ, ಆ ಸಾಲಿನಿಂದ ಇಷ್ಟು ಜನ ಅಂತ ಬಿಡುತ್ತಾನೆ. ಟಿಕೆಟ್ ಅಂದರೆ ಮಾರ್ಕಿಂಗ್, ಸಾಲು ಅಂದರೆ ಕ್ಯೂ, ಕಂಪಾರ್ಟ್‌ಮೆಂಟ್ ಅಂದರೆ ಬಫರ್, ಹಗ್ಗ ಹಿಡಿದು ನಿಂತವನು ಶೆಡ್ಯೂಲರ್. ಹೋಲಿಕೆ ತಪ್ಪುವುದು ಒಂದೇ ಕಡೆ. ತಿರುಪತಿಯಲ್ಲಿ ಕಂಪಾರ್ಟ್‌ಮೆಂಟ್ ತುಂಬಿದರೆ ಸಾಲು ಹೊರಗೆ ರಸ್ತೆಯಲ್ಲಿ ಬೆಳೆಯುತ್ತದೆ, ಯಾರನ್ನೂ ವಾಪಸ್ ಕಳಿಸುವುದಿಲ್ಲ. ಸ್ವಿಚ್‌ಗೆ ಆ ರಸ್ತೆ ಇಲ್ಲ.

ಒಂದು ಸೂಕ್ಷ್ಮ ಇದೆ. ಸಾಲು ಕಟ್ಟುವುದು ಪ್ಯಾಕೆಟ್ ಸ್ವಿಚ್ ಬಿಟ್ಟು ಹೊರಡುವ ಪೋರ್ಟ್‌ನಲ್ಲಿ. ಆದ್ದರಿಂದ ಮುಖ್ಯವಾಗಿ ಕ್ಯೂಒಎಸ್ ಬೇಕಾದದ್ದು ಹೊರಹೋಗುವ ದಿಕ್ಕಿನಲ್ಲಿ, ಇಕ್ಕಟ್ಟು ಇರುವ ಜಾಗದಲ್ಲಿ. ನಮ್ಮ ಕಥೆಯಲ್ಲಿ ಅದು ಕೆಳಮಹಡಿ ಸ್ವಿಚ್‌ನ ಅಪ್‌ಲಿಂಕ್ ಪೋರ್ಟ್. ಮೇಲಿನಿಂದ ಕೆಳಗೆ ಬರುವ ಮಾತು ಕಾಪಾಡಬೇಕಾದರೆ ಅದನ್ನು ಸರ್ವರ್ ರೂಮಿನ ಸ್ವಿಚ್‌ನಲ್ಲಿ ಬೇರೆಯಾಗಿ ಹಾಕಬೇಕು. ಒಂದೇ ತುದಿಯಲ್ಲಿ ಹಾಕಿ ಕೈ ತೊಳೆದುಕೊಂಡವರು ತುಂಬಾ ಜನ ಇದ್ದಾರೆ.

ಎರಡು ಠಸ್ಸೆ

ಪ್ಯಾಕೆಟ್ ಮೇಲೆ ದರ್ಜೆಯ ಠಸ್ಸೆ ಬೀಳುವ ಜಾಗ ಎರಡು.

ಮೊದಲನೆಯದು ಈಥರ್ನೆಟ್ ಮಟ್ಟದ್ದು. ಒಂದೇ ಸ್ವಿಚ್ ಒಳಗೆ ಬೇರೆ ಬೇರೆ ನೆಟ್‌ವರ್ಕ್ ಮಾಡುವುದಕ್ಕೆ ವಿಎಲ್ಯಾನ್ ಅನ್ನುತ್ತಾರೆ. ಯಾವ ವಿಎಲ್ಯಾನ್ ಅಂತ ಹೇಳುವ ಟ್ಯಾಗ್ ಒಟ್ಟು 4 ಬೈಟ್, ಅದರಲ್ಲಿ 3 ಬಿಟ್ ದರ್ಜೆಗೆ ಮೀಸಲು. 0ಯಿಂದ 7ರವರೆಗೆ ಎಂಟು ದರ್ಜೆ. 802.1ಪಿ ಅಂತಲೂ ಕಾಸ್ (ಕ್ಲಾಸ್ ಆಫ್ ಸರ್ವಿಸ್) ಅಂತಲೂ ಕರೆಯುತ್ತಾರೆ. ಟ್ಯಾಗ್ ಇದ್ದರೆ ಮಾತ್ರ ಇದು ಇರುತ್ತದೆ. ಸಾಮಾನ್ಯ ಪಿಸಿ ಟ್ಯಾಗ್ ಹಾಕದೆ ಕಳಿಸುತ್ತದೆ, ಅದರ ಪ್ಯಾಕೆಟ್‌ಗೆ ಕಾಸ್ ಅನ್ನುವುದೇ ಇಲ್ಲ. ರೂಟರ್ ದಾಟಿದರೂ ಈ ಠಸ್ಸೆ ಅಳಿಸಿಹೋಗುತ್ತದೆ. ಇದರಲ್ಲಿ ಒಂದು ತಮಾಷೆಯಿದೆ: ಸ್ಟ್ಯಾಂಡರ್ಡ್ ಪ್ರಕಾರ 1 ಅನ್ನುವುದು 0ಗಿಂತ ಕೆಳಗಿನ ದರ್ಜೆ. 0 ಸಾಮಾನ್ಯ ಟ್ರಾಫಿಕ್‌ಗೆ, 1 ಬ್ಯಾಕಪ್‌ನಂಥ ಹಿಂದೆ ನಡೆಯುವ ಕೆಲಸಕ್ಕೆ. ಸೊನ್ನೆಗಿಂತ ಒಂದು ದೊಡ್ಡದಲ್ವಾ ಅಂತ ಮುಖ್ಯ ಸರ್ವರ್‌ಗೆ 1 ಹಾಕಿ ಅದನ್ನೇ ಹಿಂದಕ್ಕೆ ತಳ್ಳಿದವರಿದ್ದಾರೆ.

ಎರಡನೆಯದು ಐಪಿ ಹೆಡರ್‌ನಲ್ಲಿರುವ, ಅಂದರೆ ಪ್ಯಾಕೆಟ್ ಮುಂದೆ ಅಂಟಿರುವ ವಿಳಾಸದ ಚೀಟಿಯಲ್ಲಿರುವ, ಡಿಎಸ್‌ಸಿಪಿ. 1998ರಲ್ಲಿ ಆರ್‌ಎಫ್‌ಸಿ 2474 ಅನ್ನುವ ಇಂಟರ್‌ನೆಟ್ ನಿಯಮಗಳ ದಾಖಲೆ ಇದನ್ನು ಈಗಿನ ರೂಪಕ್ಕೆ ತಂದಿತು. 6 ಬಿಟ್, ಅಂದರೆ 64 ಬೆಲೆಗಳು. ಇದು ಐಪಿ ಪ್ಯಾಕೆಟ್ ಒಳಗೇ ಇರುವುದರಿಂದ ರೂಟರ್ ದಾಟಿದರೂ ಉಳಿಯುತ್ತದೆ. 64ನ್ನೂ ನೆನಪಿಡುವುದು ಬೇಡ. ಮಾತಿಗೆ 46, ವಿಡಿಯೋ ಕಾಲ್‌ಗೆ 34, ಫೋನ್ ರಿಂಗ್ ಆಗಲು ಬೇಕಾದ ಸಿಗ್ನಲಿಂಗ್‌ಗೆ 24, ರೂಟಿಂಗ್ ಪ್ರೋಟೋಕಾಲ್‌ಗೆ 48, ಸಾಮಾನ್ಯದ್ದಕ್ಕೆ 0, ಬ್ಯಾಕಪ್‌ಗೆ 8. ಇಷ್ಟರಲ್ಲೇ ಬಹುತೇಕ ಆಫೀಸುಗಳ ಸಂಸಾರ ನಡೆಯುತ್ತದೆ.

ಒಂದು ಕಡೆ ಎಲ್ಲರೂ ಎಡವುತ್ತಾರೆ. ಡಿಎಸ್‌ಸಿಪಿ 6 ಬಿಟ್ ಆದರೂ ಅದು ಕೂತಿರುವ ಬೈಟ್ 8 ಬಿಟ್‌ನದು, ಕೊನೆಯ ಎರಡು ಬಿಟ್ ಬೇರೆ ಕೆಲಸಕ್ಕೆ. ಹಾಗಾಗಿ ಇಡೀ ಬೈಟ್ ಓದಿದರೆ 46 ಅನ್ನುವುದು ನಾಲ್ಕು ಪಟ್ಟಾಗಿ 184 ಅಂತ ಕಾಣುತ್ತದೆ. ಕೆಲವು ಫೋನ್‌ಗಳ ಸೆಟ್ಟಿಂಗ್‌ನಲ್ಲಿ 46 ಬರೆಯಬೇಕು, ಕೆಲವದರಲ್ಲಿ 184. ಲಿನಕ್ಸ್‌ನ ಪಿಂಗ್‌ಗೆ ದೊಡ್ಡಕ್ಷರದ ಕ್ಯೂ ಆಪ್ಷನ್ ಜೊತೆ 184 ಕೊಟ್ಟರೆ ಮಾತಿನ ವೇಷದ ಪಿಂಗ್ ಹೊರಡುತ್ತದೆ. ಟೆಸ್ಟ್ ಮಾಡಲು ಇದಕ್ಕಿಂತ ಸುಲಭದ ದಾರಿ ನನಗೆ ಗೊತ್ತಿಲ್ಲ.

ಯಾರ ಠಸ್ಸೆಯನ್ನು ನಂಬುವುದು?

ಕ್ಯೂಒಎಸ್‌ನಲ್ಲಿ ಅರ್ಧ ಕೆಲಸ ಇದೇ. 46 ಅಂತ ಬರೆದುಕೊಳ್ಳಲು ಯಾರ ಅಪ್ಪಣೆಯೂ ಬೇಡ. ವಿಂಡೋಸ್‌ನಲ್ಲಿ ಪಾಲಿಸಿ ಹಾಕಿ ಯಾವ ಪ್ರೋಗ್ರಾಂಗೆ ಬೇಕಾದರೂ 46 ಅಂಟಿಸಬಹುದು, ಟೊರೆಂಟ್‌ಗೂ. ಎಲ್ಲರ ಟಿಕೆಟ್ಟನ್ನೂ ನಂಬಿದರೆ ವಿಶೇಷ ದರ್ಶನದ ಸಾಲೇ ಉದ್ದವಾಗುತ್ತದೆ. ಯಾರದ್ದನ್ನೂ ನಂಬದಿದ್ದರೆ ಸಾಲು ಮಾಡಿದ್ದೇ ದಂಡ.

ನಾನು ಬಿದ್ದದ್ದು ಈ ಎರಡನೇ ಹಳ್ಳಕ್ಕೆ. ನಮ್ಮಲ್ಲಿದ್ದದ್ದು ಸಿಸ್ಕೋ ಕೆಟಲಿಸ್ಟ್ 2960. ಇದರಲ್ಲಿ ಕ್ಯೂಒಎಸ್ ಮೊದಲಿಗೆ ಆಫ್ ಇರುತ್ತದೆ. ಎಂಎಲ್‌ಎಸ್ ಕ್ಯೂಒಎಸ್ ಅಂತ ಒಂದು ಸಾಲು ಬರೆದರೆ ಆನ್. ಬರೆದೆ, ಕಾಫಿ ಕುಡಿಯಲು ಹೋದೆ. ಹತ್ತೇ ನಿಮಿಷದಲ್ಲಿ ರಿಸೆಪ್ಷನ್‌ನಿಂದ ಫೋನ್: "ಸಾರ್, ಏನ್ಮಾಡಿದ್ರಿ? ಮುಂಚೆನೇ ವಾಸಿ ಇತ್ತು."

ಆಗಿದ್ದಿಷ್ಟು. ಕ್ಯೂಒಎಸ್ ಆನ್ ಆದ ಕೂಡಲೇ ಆ ಸ್ವಿಚ್ ಎಲ್ಲ ಪೋರ್ಟ್‌ಗಳನ್ನೂ ಅಪನಂಬಿಕೆಯಿಂದ ನೋಡುತ್ತದೆ. ಫೋನ್ ಹಾಕಿ ಕಳಿಸಿದ 46ನ್ನು ಅಳಿಸಿ 0 ಬರೆಯುತ್ತದೆ. 0 ಇರುವ ಎಲ್ಲವೂ ಎರಡನೇ ಕ್ಯೂಗೆ ಹೋಗುತ್ತದೆ. ಅದೇ ಹೊತ್ತಿಗೆ ಪೋರ್ಟ್‌ನ ಬಫರ್ ನಾಲ್ಕು ಕ್ಯೂಗಳಿಗೆ 25 ಪರ್ಸೆಂಟ್‌ನಂತೆ ಹಂಚಿಹೋಗುತ್ತದೆ. ಅಂದರೆ ಫೋನ್, ಸಿಟಿ, ಕ್ಯಾಮೆರಾ ಮೂರೂ ಒಂದೇ ಕ್ಯೂನಲ್ಲಿ, ಬಫರ್‌ನ ಕಾಲು ಭಾಗದಲ್ಲಿ. ಉಳಿದ ಮೂರು ಕ್ಯೂ ಹೆಚ್ಚುಕಡಿಮೆ ಖಾಲಿ. ಮ್ಯಾನುಯಲ್‌ನಲ್ಲಿ ಇದೆಲ್ಲ ಸ್ಪಷ್ಟವಾಗೇ ಬರೆದಿದೆ. ಓದದೆ ಆನ್ ಮಾಡಿದ್ದು ನನ್ನ ತಪ್ಪು.

ಹಾಗಾದರೆ ನಂಬಿಕೆಯ ಗೆರೆ ಎಲ್ಲಿ ಎಳೆಯಬೇಕು? ಫೋನ್ ಇರುವ ಪೋರ್ಟ್‌ನಲ್ಲಿ ಫೋನನ್ನು ನಂಬಿ, ಅದರ ಹಿಂದೆ ಚುಚ್ಚಿರುವ ಪಿಸಿಯನ್ನು ನಂಬಬೇಡಿ. ಇದಕ್ಕೆ ಆ ಸ್ವಿಚ್‌ನಲ್ಲಿ ಸುಲಭ ದಾರಿ ಇದೆ. ಫೋನ್ ತನ್ನ ಮಾತನ್ನು ವಾಯ್ಸ್ ವಿಎಲ್ಯಾನ್ ಟ್ಯಾಗ್ ಹಾಕಿ ಕಾಸ್ 5ರೊಂದಿಗೆ ಕಳಿಸುತ್ತದೆ. ಪಿಸಿ ಟ್ಯಾಗ್ ಇಲ್ಲದೆ ಕಳಿಸುತ್ತದೆ. ಪೋರ್ಟ್‌ನಲ್ಲಿ ಕಾಸ್ ನಂಬು ಅಂದರೆ ಫೋನ್‌ಗೆ 5 ಸಿಗುತ್ತದೆ, ಪಿಸಿಗೆ ತಾನಾಗಿ 0. ಸ್ವಿಚ್‌ನಿಂದ ಸ್ವಿಚ್‌ಗೆ ಹೋಗುವ ಅಪ್‌ಲಿಂಕ್‌ನಲ್ಲಿ ಎರಡೂ ತುದಿಗಳು ಡಿಎಸ್‌ಸಿಪಿ ನಂಬಿದರೆ ಸಾಕು, ಯಾಕೆಂದರೆ ಬಾಗಿಲಲ್ಲೇ ಟಿಕೆಟ್ ನೋಡಿ ಒಳಗೆ ಬಿಟ್ಟಿದ್ದೀರಿ.

ಈ ದಾರಿಯಲ್ಲೂ ಒಂದು ಮುಳ್ಳಿದೆ. ಕಾಸ್ ನಂಬಿದಾಗ ಸ್ವಿಚ್ ಅದರಿಂದ ಡಿಎಸ್‌ಸಿಪಿ ಲೆಕ್ಕ ಹಾಕಿ ಪ್ಯಾಕೆಟ್‌ನಲ್ಲಿ ಬರೆಯುತ್ತದೆ. ಅದರ ಕೋಷ್ಟಕ ಸುಮ್ನೆ ಎಂಟರ ಮಗ್ಗಿ: 0, 8, 16, 24, 32, 40, 48, 56. ಕಾಸ್ 5 ಬಂದರೆ ಡಿಎಸ್‌ಸಿಪಿ 40 ಆಗುತ್ತದೆ, 46 ಅಲ್ಲ. ಆ ಸ್ವಿಚ್ ಒಳಗೆ 40ಕ್ಕೂ 46ಕ್ಕೂ ಒಂದೇ ಕ್ಯೂ, ತೊಂದರೆ ಕಾಣಿಸುವುದಿಲ್ಲ. ಆದರೆ ಮುಂದಿನ ರೂಟರ್ 46ಕ್ಕೆ ಕಾಯುತ್ತಾ ಕೂತಿರುತ್ತದೆ, 40 ಬಂದರೆ ಯಾರೋ ಅಂತ ಬಿಟ್ಟುಬಿಡುತ್ತದೆ. ಅದಕ್ಕೇ ಮೊದಲು ಆ ಮಗ್ಗಿ ತಿದ್ದಬೇಕು: ಎಂಎಲ್‌ಎಸ್ ಕ್ಯೂಒಎಸ್ ಮ್ಯಾಪ್ ಕಾಸ್-ಡಿಎಸ್‌ಸಿಪಿ 0 8 16 24 32 46 48 56.

ಹಗ್ಗ ಹಿಡಿದವನಿಗೆ ಏನು ಹೇಳಬೇಕು

ಈಗ ಕ್ಯೂಗಳಿಗೆ ಬರೋಣ. 2960ರಲ್ಲಿ ಒಂದೊಂದು ಪೋರ್ಟ್‌ಗೆ ನಾಲ್ಕು ಕ್ಯೂ. ಡೀಫಾಲ್ಟ್ ಮ್ಯಾಪ್ ಪ್ರಕಾರ ಮಾತು ಒಂದನೇ ಕ್ಯೂಗೆ, ಸಾಮಾನ್ಯದ್ದು ಎರಡಕ್ಕೆ, ಸಿಗ್ನಲಿಂಗ್ ಮೂರಕ್ಕೆ, ವಿಡಿಯೋ ಮತ್ತು ರೂಟಿಂಗ್ ನಾಲ್ಕಕ್ಕೆ. ನನ್ನ ಕೆಲಸಕ್ಕೆ ಅದೇ ಸಾಕಾಯಿತು, ಮುಟ್ಟಲಿಲ್ಲ.

ಶೆಡ್ಯೂಲರ್ ಕೆಲಸ ಮಾಡುವ ರೀತಿ ಎರಡು. ಕಟ್ಟುನಿಟ್ಟಾದ ಆದ್ಯತೆ ಅಂದರೆ, ಒಂದನೇ ಕ್ಯೂನಲ್ಲಿ ಒಬ್ಬ ಇದ್ದರೂ ಮೊದಲು ಅವನು, ಬೇರೆಯವರು ಆಮೇಲೆ. ಪಾಲಿನ ಲೆಕ್ಕ ಅಂದರೆ, ಇವರಿಗೆ 60, ಅವರಿಗೆ 30, ಇನ್ನೊಬ್ಬರಿಗೆ 10. ಯಾರಾದರೂ ಬರದಿದ್ದರೆ ಅವರ ಪಾಲು ಉಳಿದವರಿಗೆ. ಮಾತಿಗೆ ಕಟ್ಟುನಿಟ್ಟು ಬೇಕು, ಉಳಿದದ್ದಕ್ಕೆ ಪಾಲು.

ಮಾತಿಗೆ ಅಷ್ಟು ಸಲಿಗೆ ಕೊಟ್ಟರೆ ಬೇರೆಯವರು ಉಪವಾಸ ಬೀಳುವುದಿಲ್ಲವಾ? ಮಾತು ತಿನ್ನುವುದು ಎಷ್ಟು ಅಂತ ನೋಡಿ. ಮಾತನ್ನು ಡೇಟಾ ಮಾಡುವ ಜಿ.711 ಕೋಡೆಕ್‌ನಲ್ಲಿ ಒಂದು ಪ್ಯಾಕೆಟ್‌ಗೆ 160 ಬೈಟ್ ಮಾತು, 40 ಬೈಟ್ ಐಪಿ ವಗೈರೆ ಹೆಡರ್, 18 ಬೈಟ್ ಈಥರ್ನೆಟ್. ಒಟ್ಟು 218 ಬೈಟ್, ಸೆಕೆಂಡಿಗೆ 50 ಸಲ. 87.2 ಕೆಬಿಪಿಎಸ್. ಆಸ್ಪತ್ರೆಯಲ್ಲಿ ಒಟ್ಟಿಗೆ 30 ಜನ ಮಾತಾಡಿದರೂ ಸುಮಾರು 2.6 ಎಂಬಿಪಿಎಸ್. 1000ದಲ್ಲಿ 2.6. ಈ ಚೂರಿಗಾಗಿ ಸಿಟಿ ಮಷಿನ್ ದಾರಿ ಬಿಟ್ಟರೆ ಅದಕ್ಕೆ ಗೊತ್ತೂ ಆಗುವುದಿಲ್ಲ. ಆದರೆ ವಿಡಿಯೋವನ್ನೋ ಕ್ಯಾಮೆರಾವನ್ನೋ ಅದೇ ಕ್ಯೂಗೆ ತುರುಕಿದರೆ ಲೆಕ್ಕ ತಪ್ಪುತ್ತದೆ. ಡೈರೆಕ್ಟರ್ ಲ್ಯಾಪ್‌ಟಾಪ್‌ಗೂ ಒಂದನೇ ಕ್ಯೂ ಕೊಡಿ ಅನ್ನುವ ಒತ್ತಾಯ ಎಲ್ಲ ಕಡೆ ಬರುತ್ತದೆ. ನಯವಾಗಿ ಇಲ್ಲ ಅನ್ನಿ. ಹೆಚ್ಚಿನ ಕಾವಲು ಬೇಕಿದ್ದರೆ ಒಂದೊಂದು ಫೋನ್ ಪೋರ್ಟ್‌ನಲ್ಲಿ 46ರ ಟ್ರಾಫಿಕ್‌ಗೆ 128 ಕೆಬಿಪಿಎಸ್ ಮಿತಿ ಹಾಕಬಹುದು. ಒಂದು ಕಾಲ್‌ಗೆ ಧಾರಾಳ, ಟೊರೆಂಟ್‌ಗೆ ಏನೂ ಅಲ್ಲ.

ಇಲ್ಲೂ ಡೀಫಾಲ್ಟ್ ಒಂದು ಕಣ್ಣುಮುಚ್ಚಾಲೆ ಆಡುತ್ತದೆ. ಆ ಸ್ವಿಚ್‌ನಲ್ಲಿ ಒಂದನೇ ಕ್ಯೂಗೆ ಮೊದಲಿನಿಂದಲೂ ಶೇಪ್ 25 ಅಂತ ಇರುತ್ತದೆ. 25 ಪರ್ಸೆಂಟ್ ಅಂತ ಓದಿಕೊಂಡರೆ ಕೆಟ್ಟಿರಿ. ಅದು ಇಪ್ಪತ್ತೈದರಲ್ಲಿ ಒಂದು ಪಾಲು, ಅಂದರೆ 4 ಪರ್ಸೆಂಟ್. ಶೇಪ್ ಅಂದರೆ ಮೇಲ್ಮಿತಿ, ಲಿಂಕ್ ಖಾಲಿ ಇದ್ದರೂ ಅದಕ್ಕಿಂತ ಜಾಸ್ತಿ ಬಿಡುವುದಿಲ್ಲ. ಪೋರ್ಟ್‌ನಲ್ಲಿ ಪ್ರಯಾರಿಟಿ-ಕ್ಯೂ ಔಟ್ ಅಂತ ಬರೆದ ಮೇಲೆ ಈ ಮಿತಿ ಬಿಟ್ಟುಹೋಗಿ ಒಂದನೇ ಕ್ಯೂ ನಿಜವಾಗಿ ಮೊದಲನೆಯದಾಗುತ್ತದೆ. ಆ ಒಂದು ಸಾಲು ಮರೆತು, ಎಲ್ಲ ಹಾಕಿದ್ದೀನಿ ಯಾಕೆ ಆಗ್ತಿಲ್ಲ ಅಂತ ತಲೆ ಕೆರೆದುಕೊಳ್ಳುವವರೇ ಜಾಸ್ತಿ.

ಕೊನೆಗೆ ಅಪ್‌ಲಿಂಕ್‌ನಲ್ಲಿ ನಾನು ಹಾಕಿದ್ದು ಇಷ್ಟು: ಟ್ರಸ್ಟ್ ಡಿಎಸ್‌ಸಿಪಿ, ಪ್ರಯಾರಿಟಿ-ಕ್ಯೂ ಔಟ್, ಮತ್ತು ಎಸ್‌ಆರ್‌ಆರ್-ಕ್ಯೂ ಬ್ಯಾಂಡ್‌ವಿಡ್ತ್ ಶೇರ್ 1 60 10 30. ಒಂದನೇ ಕ್ಯೂಗೆ ಈ ಪಾಲು ಲೆಕ್ಕಕ್ಕಿಲ್ಲ, ಅಲ್ಲಿ ಏನಾದರೂ ಬರೆಯಬೇಕಲ್ಲ ಅಂತ 1. ಕ್ಯಾಮೆರಾ ಪೋರ್ಟ್‌ಗಳಲ್ಲಿ ಪಾಲಿಸಿ ಹಾಕಿ 34 ಬರೆಸಿದೆ, ಅವು ನಾಲ್ಕನೇ ಕ್ಯೂಗೆ ಹೋದವು. ಸಿಟಿಯನ್ನು 0ಯಲ್ಲೇ ಬಿಟ್ಟೆ. ಬಫರ್ ಹಂಚಿಕೆಯನ್ನು 15, 55, 10, 20 ಮಾಡಿದೆ. ಮಾತಿಗೆ ಕಡಿಮೆ ಬಫರ್ ಕೊಟ್ಟದ್ದು ಜಿಪುಣತನದಿಂದಲ್ಲ. ಕಾದು ತಡವಾಗಿ ಬಂದ ಮಾತು ಹೇಗೂ ಕೆಲಸಕ್ಕೆ ಬಾರದು. ದೊಡ್ಡ ಬಫರ್ ಬೇಕಾದದ್ದು ದಿಢೀರ್ ಅಂತ ಸುರಿಯುವ ಸಿಟಿಗೆ.

ಹೊಸ ಕೆಟಲಿಸ್ಟ್ 9000 ಸರಣಿಯಲ್ಲಿ ಇದೆಲ್ಲ ಬೇರೆ. ಎಂಎಲ್‌ಎಸ್ ಕ್ಯೂಒಎಸ್ ಅನ್ನುವುದೇ ಇಲ್ಲ, ಪೋರ್ಟ್‌ಗಳು ಮೊದಲಿನಿಂದಲೇ ಬಂದ ಠಸ್ಸೆಯನ್ನು ನಂಬುತ್ತವೆ. ಕ್ಲಾಸ್-ಮ್ಯಾಪ್‌ನಲ್ಲಿ ಯಾರು ಅಂತ, ಪಾಲಿಸಿ-ಮ್ಯಾಪ್‌ನಲ್ಲಿ ಏನು ಕೊಡಬೇಕು ಅಂತ ಬರೆದು ಪೋರ್ಟ್‌ಗೆ ಅಂಟಿಸಿದರೆ ಆಯಿತು. ಹಾಗಾಗಿ ಅಲ್ಲಿನ ಅಪಾಯ ಉಲ್ಟಾ, ಪಿಸಿಗಳ ಠಸ್ಸೆಯನ್ನು ನೀವೇ ಅಳಿಸಬೇಕು. ವೆಬ್ ಪೇಜ್‌ನಲ್ಲಿ ಸೆಟ್ ಮಾಡುವ ಅಗ್ಗದ ಸ್ವಿಚ್‌ಗಳಲ್ಲಿ ಸಾಮಾನ್ಯವಾಗಿ ಪೋರ್ಟ್, 802.1ಪಿ, ಡಿಎಸ್‌ಸಿಪಿ ಅಂತ ಆಯ್ಕೆ ಇರುತ್ತದೆ. ಫೋನ್ ಠಸ್ಸೆ ಹಾಕುವುದಾದರೆ ಡಿಎಸ್‌ಸಿಪಿ ಆರಿಸಿ. ಠಸ್ಸೆಯೇ ಹಾಕದ ಸಾಧನವಾದರೆ ಪೋರ್ಟ್ ಆರಿಸಿ.

ಇನ್ನೊಂದು ಸಣ್ಣ ವಿಷಯ: ಫ್ಲೋ ಕಂಟ್ರೋಲ್. 802.3ಎಕ್ಸ್‌ನ ಪಾಝ್ ಫ್ರೇಮ್, ಅಂದರೆ "ಸ್ವಲ್ಪ ನಿಲ್ಲು" ಅನ್ನುವ ಸಂದೇಶ, ಬಂದರೆ ಇಡೀ ಪೋರ್ಟ್ ನಿಲ್ಲುತ್ತದೆ, ಮಾತು ಗೀತು ಅಂತ ನೋಡುವುದಿಲ್ಲ. ನೀವು ಎಷ್ಟೇ ಚೆನ್ನಾಗಿ ಕ್ಯೂ ಮಾಡಿದ್ದರೂ ಬಾಗಿಲೇ ಮುಚ್ಚಿದಂತೆ. ಫೋನ್ ಇರುವ ನೆಟ್‌ವರ್ಕ್‌ನಲ್ಲಿ ಅದನ್ನು ಆಫ್ ಮಾಡುವುದು ವಾಸಿ. ಇನ್ನು ಇಂಟರ್‌ನೆಟ್‌ಗೆ ಹೋದ ಮೇಲೆ ನಿಮ್ಮ 46ಕ್ಕೆ ಸಾಮಾನ್ಯವಾಗಿ ಯಾರೂ ಬೆಲೆ ಕೊಡುವುದಿಲ್ಲ. ಅಲ್ಲಿ ನಿಮ್ಮ ಕೈಯಲ್ಲಿರುವುದು ರೂಟರ್‌ನಲ್ಲಿ ಅಪ್‌ಲೋಡ್ ವೇಗವನ್ನು ಲೈನ್‌ನ ವೇಗಕ್ಕಿಂತ ಸ್ವಲ್ಪ ಕಡಿಮೆಗೆ ಶೇಪ್ ಮಾಡಿ, ಸಾಲು ಕಟ್ಟುವ ಜಾಗವನ್ನು ನಿಮ್ಮ ಮನೆಯೊಳಗೇ ಇಟ್ಟುಕೊಳ್ಳುವುದು.

ಎಲ್ಲ ಹಾಕಿದ ಮೇಲೆ ಒಂದು ದಿನ ಬೆಳಿಗ್ಗೆ ಅಪ್‌ಲಿಂಕ್ ಪೋರ್ಟ್‌ನ ಕ್ಯೂಒಎಸ್ ಸ್ಟ್ಯಾಟಿಸ್ಟಿಕ್ಸ್ ತೆರೆದು ಕೂತೆ. ಆ ಪಟ್ಟಿಯಲ್ಲಿ ಕ್ಯೂಗಳನ್ನು 0ಯಿಂದ 3ರವರೆಗೆ ಎಣಿಸುತ್ತಾರೆ, ಎರಡನೇ ಕ್ಯೂ ಅಲ್ಲಿ 1 ಅಂತ ಕಾಣುತ್ತದೆ. ಇದಕ್ಕೂ ಒಮ್ಮೆ ಮೋಸ ಹೋಗಿದ್ದೇನೆ. ಮೊದಲು 46ರ ಎದುರಿನ ಅಂಕಿ ಏರುತ್ತಿದೆಯೇ ಅಂತ ನೋಡಿದೆ. ಏರುತ್ತಿತ್ತು, ಅಂದರೆ ಠಸ್ಸೆ ಉಳಿದಿದೆ. ಆಮೇಲೆ ಸ್ಕ್ಯಾನ್ ರೂಮಿನ ಟೆಕ್ನೀಷಿಯನ್‌ಗೆ ಫೋನ್ ಮಾಡಿ, ಮುಂದಿನದ್ದು ಕಳಿಸುವಾಗ ಹೇಳಿ ಅಂದೆ. ಕಳಿಸಿದರು. ಎರಡನೇ ಕ್ಯೂನಲ್ಲಿ ಒಂದಷ್ಟು ಡ್ರಾಪ್ ಬಿತ್ತು. ಒಂದನೇ ಕ್ಯೂನಲ್ಲಿ ಸೊನ್ನೆ. ಸ್ಕ್ಯಾನ್ ತಲುಪಿದ್ದು ಸ್ವಲ್ಪ ತಡವಾಗಿರಬಹುದು, ಆ ಬಗ್ಗೆ ರೇಡಿಯಾಲಜಿಯಿಂದ ಯಾರೂ ಫೋನ್ ಮಾಡಲಿಲ್ಲ.